ಝೋನ್ ಸಣ್ಣ ಬಂತು, ಝೋನ್ ದೊಡ್ಡ ಬಂತು: ಸೆನ್ಸಿಟಿವಿಟಿ ಪ್ಲೇಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಬೆಳಗ್ಗೆ ಎಂಟೂವರೆ ಇರಬೇಕು. ನಾನಿನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ನಮ್ಮ ಲ್ಯಾಬಿನ ಹುಡುಗ ಸೆನ್ಸಿಟಿವಿಟಿ ಪ್ಲೇಟ್ ಹಿಡಿದುಕೊಂಡು ಬಂದ. ಅಗಾರ್ ಎಂಬ ಗಟ್ಟಿ ಆಹಾರದ ಮೇಲೆ ಪೇಶಂಟಿನ ಬ್ಯಾಕ್ಟೀರಿಯಾ ಹಚ್ಚಿ, ಔಷಧಿ ಹೀರಿದ ಕಾಗದದ ಡಿಸ್ಕ್ ಇಟ್ಟು ಬೆಳೆಸಿದ ಪ್ಲೇಟ್ ಅದು. ಔಷಧಿ ನಾಟಿದರೆ ಡಿಸ್ಕಿನ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಬರುತ್ತದೆ, ಅದೇ ಝೋನ್.

"ಅಕ್ಕಾರ, ಇವತ್ತ ಎಲ್ಲಾ ಝೋನ್ ಸಣ್ಣ ಬಂದಾವ ನೋಡ್ರಿ. ಯಾವ ಔಷಧಾನೂ ನಡಿಯಂಗಿಲ್ಲ ಅಂತ ಬರೀಲೇನ್ರಿ?"

"ತಡಿ ತಮ್ಮಾ. ಕಂಟ್ರೋಲ್ ಪ್ಲೇಟ್ ಎಲ್ಲೈತಿ?"

ಕಂಟ್ರೋಲ್ ಪ್ಲೇಟ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟ್, ಇನ್ನೂ ಇನ್‌ಕ್ಯುಬೇಟರಿನ ಒಳಗೇ ಇತ್ತು. ತೆಗೆದು ನೋಡಿದರೆ ಅದರಲ್ಲೂ ಝೋನ್ ಸಣ್ಣ. ಜೆಂಟಾಮೈಸಿನ್ 16 ಮಿಲಿಮೀಟರ್. ಇ. ಕೋಲೈ ಎಟಿಸಿಸಿ 25922ಕ್ಕೆ (ಕಂಟ್ರೋಲ್ ಬ್ಯಾಕ್ಟೀರಿಯಾದ ನಂಬರ್ ಇದು, ಮುಂದೆ ಬರುವ ಇಂಥ ನಂಬರುಗಳೂ ಹಾಗೇ) ಅದು 19ರಿಂದ 26ರ ಒಳಗೆ ಇರಬೇಕು. ಅಂದರೆ ತಪ್ಪು ಪೇಶಂಟಿನ ಬ್ಯಾಕ್ಟೀರಿಯಾದ್ದಲ್ಲ, ನಮ್ಮದೇ. ಅವತ್ತಿನ ಒಂಬತ್ತು ರಿಪೋರ್ಟ್ ತಡೆದೆವು, ವಾರ್ಡಿಗೆ ಫೋನ್ ಮಾಡಿ "ಬ್ಯಾಕ್ಟೀರಿಯಾ ಹೆಸರು ತಗೊಳ್ಳಿ, ಸೆನ್ಸಿಟಿವಿಟಿ ನಾಳೆ" ಅಂದೆವು. ಡಾಕ್ಟರ್ ಬೈದರು. ಬೈಸಿಕೊಂಡರೂ ಪರವಾಗಿಲ್ಲ, ತಪ್ಪು ರಿಪೋರ್ಟ್ ಹೋಗಬಾರದು ಅಲ್ವಾ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಸಣ್ಣ ಲ್ಯಾಬುಗಳಲ್ಲಿ ಕೈಯಿಂದಲೇ ಡಿಸ್ಕ್ ಹಾಕಿ, ಸ್ಕೇಲ್ ಹಿಡಿದು ಅಳೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಷೀನ್ ಇರುವವರ ತಲೆನೋವೇ ಬೇರೆ. ಬಾವರ್, ಕರ್ಬಿ ಮತ್ತು ಜೊತೆಗಾರರು 1966ರಲ್ಲಿ ಈ ಡಿಸ್ಕ್ ವಿಧಾನಕ್ಕೆ ಒಂದು ಪದ್ಧತಿ ಹಾಕಿಕೊಟ್ಟರು. ಇವತ್ತಿಗೂ ಅದೇ ನಡೆಯುತ್ತಿದೆ, ಆದರೆ ಅದರ ಅಳತೆಗಳನ್ನು ಅಷ್ಟಷ್ಟೇ ಹಿಡಿದರೆ ಮಾತ್ರ.

ಏನನ್ನೂ ಮುಟ್ಟುವ ಮೊದಲು

ಪ್ಲೇಟ್ ಬಿಸಾಡಬೇಡಿ. ತಪ್ಪು ಎಲ್ಲಿದೆ ಅಂತ ಹೇಳುವುದು ಅದೇ ಪ್ಲೇಟ್. ಗ್ಲವ್ಸ್ ಹಾಕಿಕೊಳ್ಳಿ. ಮುಚ್ಚಳ ತೆಗೆದು ಮೂಸಿ ನೋಡಬೇಡಿ (ವಾಸನೆಯಿಂದಲೇ ಸೂಡೊಮೋನಾಸ್ ಹೇಳುವ ಹಳೆಯ ಕೈಗಳು ಇವೆ, ಗೊತ್ತು, ಆದರೂ ಬೇಡ).

ಆಮೇಲೆ ಸುಮ್ನೆ ನಿಂತು ನೋಡಿ. ಕಂಟ್ರೋಲೂ ಕೆಟ್ಟಿದೆಯಾ, ಪೇಶಂಟ್ ಪ್ಲೇಟ್ ಮಾತ್ರ ವಿಚಿತ್ರವಾ? ಕಂಟ್ರೋಲ್ ಕೆಟ್ಟಿದ್ದರೆ ಎಲ್ಲ ಡಿಸ್ಕೂ ಒಂದೇ ಕಡೆ ಜಾರಿವೆಯಾ, ಒಂದೇ ಡಿಸ್ಕ್ ಜಾರಿದೆಯಾ, ಅಥವಾ ಒಂದು ಗುಂಪಿನವು ಮಾತ್ರವಾ? ಎಲ್ಲವೂ ಜಾರಿದ್ದರೆ ಅಗಾರಿನ ದಪ್ಪ, ಇನಾಕ್ಯುಲಮ್ (ಹಚ್ಚಿದ ಬ್ಯಾಕ್ಟೀರಿಯಾದ ಪ್ರಮಾಣ), ಇಲ್ಲವೇ ಬಿಸಿ. ಒಂದೇ ಜಾರಿದ್ದರೆ ಆ ಡಿಸ್ಕ್. ಗುಂಪು ಜಾರಿದ್ದರೆ ಅಗಾರಿನ ಪಿಎಚ್ ಅಥವಾ ಲವಣ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲ ಝೋನೂ ಸಣ್ಣ

ಮೊದಲು ಕಾಸು ಖರ್ಚಿಲ್ಲದ್ದು: ಬೆಳವಣಿಗೆ ಹೇಗಿದೆ ನೋಡಿ. ತೆಳ್ಳಗೆ, ಎಲ್ಲ ಕಡೆ ಒಂದೇ ಸಮ ಹಬ್ಬಿರಬೇಕು. ಗಟ್ಟಿ ಮೊಸರಿನ ಕೆನೆಯ ಹಾಗೆ ದಪ್ಪಗಿದ್ದರೆ ಇನಾಕ್ಯುಲಮ್ ಜಾಸ್ತಿಯಾಗಿದೆ. 0.5 ಮ್ಯಾಕ್‌ಫರ್‌ಲ್ಯಾಂಡ್ ಅಂದರೆ ಬ್ಯಾಕ್ಟೀರಿಯಾ ಕಲಕಿದ ದ್ರವ (ಸಸ್ಪೆನ್ಷನ್) ಎಷ್ಟು ಮಬ್ಬಾಗಿರಬೇಕು ಎಂಬ ಅಳತೆ, ಅಷ್ಟು ಮಬ್ಬಿಗೆ ಮಿಲಿಲೀಟರಿಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ. ಕಣ್ಣಂದಾಜಿಗೆ ಸಿಗುವ ಲೆಕ್ಕವಲ್ಲ ಇದು. ಟ್ಯೂಬ್ ಮತ್ತು ಸ್ಟ್ಯಾಂಡರ್ಡ್ ಎರಡನ್ನೂ ಪಕ್ಕಪಕ್ಕ ಹಿಡಿದು, ಹಿಂದೆ ಕಪ್ಪು ಗೆರೆಯ ಬಿಳಿ ಕಾರ್ಡ್ ಇಟ್ಟು ಹೋಲಿಸಬೇಕು. ಕಾರ್ಡ್ ಕಳೆದುಹೋಗಿದ್ದರೆ ಬಿಳಿ ಹಾಳೆಯ ಮೇಲೆ ಸ್ಕೇಲ್ ಇಟ್ಟು ಮೂರು ಕಪ್ಪು ಗೆರೆ ಎಳೆದುಕೊಳ್ಳಿ, ಸಾಕು. ಸ್ವಾಬ್ ಅದ್ದಿದ ಮೇಲೆ ಟ್ಯೂಬಿನ ಗೋಡೆಗೆ ಒತ್ತಿ ಹಿಂಡಿದಿರಾ? ತೊಟ್ಟಿಕ್ಕುವ ಸ್ವಾಬ್ ಹಚ್ಚಿದರೂ ಇದೇ ಗತಿ.

ಎರಡನೆಯದು ಗಡಿಯಾರ. ಸಸ್ಪೆನ್ಷನ್ ಮಾಡಿದ 15 ನಿಮಿಷದೊಳಗೆ ಸ್ವಾಬ್, ಸ್ವಾಬ್ ಆದ 15 ನಿಮಿಷದೊಳಗೆ ಡಿಸ್ಕ್, ಡಿಸ್ಕ್ ಹಾಕಿದ 15 ನಿಮಿಷದೊಳಗೆ ಇನ್‌ಕ್ಯುಬೇಟರ್. ನಡುವೆ ಚಹಾ ಕುಡಿಯಲು ಹೋದರೆ, ಅದೂ ನಮ್ಮ ಕಡೆಯ ಬೇಸಿಗೆಯಲ್ಲಿ, ಔಷಧಿ ಅಗಾರಿನೊಳಗೆ ಹರಡುವ ಮೊದಲೇ ಬ್ಯಾಕ್ಟೀರಿಯಾ ಬೆಳೆಯಲು ಶುರು ಮಾಡಿರುತ್ತವೆ. ಆಮೇಲೆ ಔಷಧಿ ತಲುಪಿದರೂ ತಡವಾಯಿತು, ಝೋನ್ ಕುಗ್ಗುತ್ತದೆ.

ಮೂರನೆಯದು ಅಗಾರಿನ ದಪ್ಪ. 4 ಮಿಲಿಮೀಟರ್ ಇರಬೇಕು. ದಪ್ಪವಾದರೆ ಔಷಧಿ ಕೆಳಗೂ ಇಳಿಯುತ್ತದೆ, ಪಕ್ಕಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮೊದಲು ಹೇಳಿದ ಆ ಬೆಳಗಿನ ತಪ್ಪು ಇದೇ. ಅದೇ ಬ್ಯಾಚಿನ ಖಾಲಿ ಪ್ಲೇಟ್ ಒಂದು ಉಳಿದಿತ್ತು. ಬ್ಲೇಡಿನಿಂದ ನಡುವೆ ಒಂದು ಪಟ್ಟಿ ಕೊಯ್ದು, ಎತ್ತಿ ನಿಲ್ಲಿಸಿ ಅಳೆದೆ: ಐದೂವರೆ ಮಿಲಿಮೀಟರ್. "ಎಷ್ಟ ಸುರುವಿದಿ?" ಅಂದರೆ "ಅಂದಾಜಿನ್ಯಾಗ ಸುರುವೀನ್ರಿ" ಅಂದ. 90 ಮಿಲಿಮೀಟರಿನ ಪ್ಲೇಟಿಗೆ 25 ಮಿಲಿಲೀಟರ್ ಬೇಕು, ಅವನು 35ರ ಹತ್ತಿರ ಸುರಿದಿದ್ದ. ಅಂದಿನಿಂದ ಅಳತೆ ಸಿಲಿಂಡರ್ ಬಿಟ್ಟು ಯಾರೂ ಸುರಿಯುವಂತಿಲ್ಲ ಅಂತ ಗೋಡೆಗೆ ಬರೆದು ಅಂಟಿಸಿದ್ದೇವೆ.

ಒಂದೇ ಪ್ಲೇಟಿನಲ್ಲಿ ಒಂದು ಬದಿಯ ಝೋನ್ ಸಣ್ಣ, ಎದುರು ಬದಿಯದು ದೊಡ್ಡ ಬಂದರೆ ಟೇಬಲ್ ವಾರೆಯಾಗಿದೆ. ಕಾಲಿನ ಕೆಳಗೆ ರಟ್ಟು ಮಡಚಿ ಇಡಿ, ತಟ್ಟೆಯಲ್ಲಿ ನೀರು ಹಾಕಿ ಮಟ್ಟ ನೋಡಿ. ಗಾರೆ ಕೆಲಸದವರ ಮಟ್ಟಗೋಲು ಸಿಕ್ಕರೆ ಇನ್ನೂ ಒಳ್ಳೆಯದು.

ಈ ಮೂರೂ ಸರಿ ಇದ್ದರೆ ಮಾತ್ರ ಡಿಸ್ಕುಗಳ ಮೇಲೆ ಅನುಮಾನ ಪಡಿ. ಎಲ್ಲ ಡಿಸ್ಕೂ ಒಟ್ಟಿಗೆ ಸತ್ತಿದ್ದರೆ ಫ್ರೀಜರ್ ನಿಂತಿತ್ತು ಅಂತ ಅರ್ಥ, ಬೇರೆ ಕಾರಣ ಕಡಿಮೆ.

ಎಲ್ಲ ಝೋನೂ ದೊಡ್ಡ

ಇದು ನೋಡಲು ಖುಷಿ ಕೊಡುವ ತಪ್ಪು. ಅದಕ್ಕೇ ಜಾಸ್ತಿ ಅಪಾಯ. ಝೋನ್ ಸಣ್ಣ ಬಂದರೆ ಡಾಕ್ಟರ್ ಬೇರೆ ಔಷಧಿ ಹುಡುಕುತ್ತಾರೆ. ಸುಳ್ಳೇ ದೊಡ್ಡ ಬಂದರೆ ಕೆಲಸ ಮಾಡದ ಔಷಧಿಯನ್ನೇ ಐದು ದಿನ ಕೊಡುತ್ತಾರೆ.

ಬೆಳವಣಿಗೆಯಲ್ಲಿ ಬಿಡಿಬಿಡಿ ಕಾಲೊನಿ ಎಣಿಸಲು ಬರುತ್ತಿದೆಯಾ? ಇನಾಕ್ಯುಲಮ್ ಕಡಿಮೆಯಾಗಿದೆ, ಆ ಪ್ಲೇಟ್ ಓದಲೇಬಾರದು. ಕಾರಣ ಬಹಳ ಸಲ ಮ್ಯಾಕ್‌ಫರ್‌ಲ್ಯಾಂಡ್ ಟ್ಯೂಬೇ. ಬೇರಿಯಂ ಸಲ್ಫೇಟ್ ತಳಕ್ಕೆ ಕೂರುತ್ತದೆ. ಅಲುಗಾಡಿಸದೆ ಸ್ಟ್ಯಾಂಡಿನಿಂದ ಎತ್ತಿ ಹೋಲಿಸಿದರೆ ಮೇಲಿನ ತಿಳಿ ನೀರಿಗೆ ನಿಮ್ಮ ಸಸ್ಪೆನ್ಷನ್ ಹೊಂದಿಸಿದ ಹಾಗಾಯಿತು. ಪ್ರತಿ ಸಲ ಚೆನ್ನಾಗಿ ಕಲಕಿ. ಕಲಕಿದ ಮೇಲೂ ಕಣಕಣವಾಗಿ ತೇಲಿದರೆ ಹೊಸದು ಮಾಡಿ: 1.175 ಪರ್ಸೆಂಟ್ ಬೇರಿಯಂ ಕ್ಲೋರೈಡ್ ಅರ್ಧ ಮಿಲಿಲೀಟರ್, 1 ಪರ್ಸೆಂಟ್ ಸಲ್ಫ್ಯೂರಿಕ್ ಆಸಿಡ್ ತೊಂಬತ್ತೊಂಬತ್ತೂವರೆ ಮಿಲಿಲೀಟರ್. ಆಸಿಡ್ಡನ್ನು ನೀರಿಗೆ ಹಾಕಿ, ನೀರನ್ನು ಆಸಿಡ್ಡಿಗೆ ಹಾಕಬೇಡಿ, ಕನ್ನಡಕ ಇರಲಿ. ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ 625 ನ್ಯಾನೋಮೀಟರಿನಲ್ಲಿ 0.08ರಿಂದ 0.13ರ ನಡುವೆ ಓದಬೇಕು.

ಆಮೇಲೆ ಅಗಾರ್ ತೆಳುವೇ ನೋಡಿ. ಕರೆಂಟ್ ರಾತ್ರಿ ಹೋಗಿತ್ತಾ ಅಂತ ವಾಚ್‌ಮನ್ ಕೇಳಿ. ಚಳಿಗಾಲದಲ್ಲಿ ನಾಲ್ಕು ತಾಸು ಇನ್‌ಕ್ಯುಬೇಟರ್ ತಣ್ಣಗಾದರೆ ಬೆಳವಣಿಗೆ ನಿಧಾನ, ಝೋನ್ ಅಗಲ.

ಬೇಸಿಗೆಯಲ್ಲಿ ಮಾತ್ರ ಎಂಆರ್‌ಎಸ್‌ಎ ಕಾಣೆಯಾಗುತ್ತಿದೆ

ಇದನ್ನ ನಮ್ಮ ಕಡೆಯವರು ವಿಶೇಷವಾಗಿ ಓದಬೇಕು. ಎಂಆರ್‌ಎಸ್‌ಎ ಅಂದರೆ ಮೆಥಿಸಿಲಿನ್ ಔಷಧಿ ನಾಟದ ಸ್ಟ್ಯಾಫಿಲೊಕಾಕಸ್ ಆರಿಯಸ್. ಸಾಮಾನ್ಯ ಇನ್‌ಕ್ಯುಬೇಟರಿಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಹೊರಗೆ 40 ಡಿಗ್ರಿ ದಾಟುತ್ತದೆ, ಎಸಿ ಇಲ್ಲದ ಕೋಣೆಯಲ್ಲಿ 38, 39 ಇರುತ್ತದೆ. ನೀವು ಗುಂಡಿ ತಿರುಗಿಸಿ 35ಕ್ಕೆ ಇಟ್ಟರೂ ಒಳಗೆ ಕೋಣೆಯ ಬಿಸಿಯೇ. ಸ್ಟ್ಯಾಫಿಲೊಕಾಕಸ್‌ನ ಮೆಥಿಸಿಲಿನ್ ಪ್ರತಿರೋಧ 35 ಡಿಗ್ರಿ ದಾಟಿದರೆ ಸರಿಯಾಗಿ ಹೊರಬರುವುದಿಲ್ಲ. ಸೆಫಾಕ್ಸಿಟಿನ್ 30 ಮೈಕ್ರೋಗ್ರಾಂ ಡಿಸ್ಕಿಗೆ 21 ಅಥವಾ ಕಡಿಮೆ ಬಂದರೆ ಎಂಆರ್‌ಎಸ್‌ಎ, 22 ಅಥವಾ ಜಾಸ್ತಿ ಬಂದರೆ ಅಲ್ಲ. ಒಂದೆರಡು ಮಿಲಿಮೀಟರಿನ ಆಟ ಇದು. ಬಿಸಿಯಿಂದ 20 ಇದ್ದದ್ದು 23 ಆದರೆ ಉತ್ತರವೇ ತಿರುಗಿತು.

ತೊಂದರೆ ಏನಂದರೆ ಎಸ್. ಆರಿಯಸ್ 25923 ಕಂಟ್ರೋಲ್ ಇದನ್ನು ಹಿಡಿಯುವುದಿಲ್ಲ, ಅದರಲ್ಲಿ ಆ ಪ್ರತಿರೋಧವೇ ಇಲ್ಲ. ಹಿಡಿಯಬೇಕಾದರೆ ಥರ್ಮಾಮೀಟರ್ ಬೇಕು. ಬಾಗಿಲ ಮೇಲಿನ ಡಿಸ್‌ಪ್ಲೇ ನಂಬಬೇಡಿ. ಸಣ್ಣ ಬಾಟಲಿಯಲ್ಲಿ ಗ್ಲಿಸರಿನ್ ಹಾಕಿ ಅದರಲ್ಲಿ ಥರ್ಮಾಮೀಟರ್ ಅದ್ದಿ ನಡುವಿನ ಶೆಲ್ಫಿನಲ್ಲಿಡಿ, ಬೆಳಗ್ಗೆ ಮತ್ತು ಮಧ್ಯಾಹ್ನ ಮೂರಕ್ಕೆ ಬರೆದಿಡಿ. ನಾವು ಮೊದಲ ಸಲ ಮಧ್ಯಾಹ್ನ ನೋಡಿದಾಗ 38.5 ಇತ್ತು, ಹೊರಗಿನ ಕೆಂಪಕ್ಷರ ಮಾತ್ರ ಆರಾಮಾಗಿ 35 ತೋರಿಸುತ್ತಿತ್ತು. ಸದ್ಯಕ್ಕೆ ಇನ್‌ಕ್ಯುಬೇಟರನ್ನು ಎಸಿ ಕೋಣೆಗೆ ಸರಿಸಿ, ಅಥವಾ ತಣ್ಣಗೆ ಮಾಡುವ ಬಿಒಡಿ ಇನ್‌ಕ್ಯುಬೇಟರ್ ಇದ್ದರೆ ಅದರಲ್ಲಿಡಿ. ಐದಕ್ಕಿಂತ ಜಾಸ್ತಿ ಪ್ಲೇಟ್ ಒಂದರ ಮೇಲೊಂದು ಪೇರಿಸಬೇಡಿ, ನಡುವಿನವಕ್ಕೆ ಬಿಸಿ ಸಮನಾಗಿ ತಲುಪುವುದಿಲ್ಲ.

ಒಂದೇ ಡಿಸ್ಕ್ ಹಾದಿ ತಪ್ಪಿದೆ

ಮೊದಲು ಡಿಸ್ಕ್ ಮೇಲಿನ ಅಕ್ಷರ ಓದಿ. ನಗಬೇಡಿ, ಸೆಫ್ಟಾಜಿಡೈಮ್ ಮತ್ತು ಸೆಫೊಟಾಕ್ಸಿಮ್ ಕಾರ್ಟ್ರಿಜ್ ಅದಲುಬದಲಾದದ್ದು ನಾನೇ ಎರಡು ಸಲ ನೋಡಿದ್ದೇನೆ. ಆಮೇಲೆ ಎಕ್ಸ್‌ಪೈರಿ. ಆಮೇಲೆ ಡಬ್ಬಿಯೊಳಗಿನ ಸಿಲಿಕಾ, ನೀಲಿ ಇದ್ದದ್ದು ಗುಲಾಬಿ ಆಗಿದ್ದರೆ ತೇವ ಹೊಕ್ಕಿದೆ. ಮಳೆಗಾಲದ ಬೆಳಗಾವಿಯಲ್ಲಿ ಇದು ದಿನದ ಕಥೆ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆದರೆ ತಣ್ಣನೆ ಡಿಸ್ಕಿನ ಮೇಲೆ ಹನಿ ಕೂರುತ್ತದೆ, ಒಂದೆರಡು ತಾಸು ಹೊರಗಿಟ್ಟು ಆಮೇಲೆ ತೆರೆಯಬೇಕು. ಸ್ಟಾಕ್ ಮೈನಸ್ 20ರಲ್ಲಿ, ಕೆಲಸಕ್ಕೆ ತೆಗೆದದ್ದು 2ರಿಂದ 8 ಡಿಗ್ರಿಯಲ್ಲಿ ಹೆಚ್ಚೆಂದರೆ ಒಂದು ವಾರ.

ಈಗ ನಮಗೆ ಬುದ್ಧಿ ಕಲಿಸಿದ ಕೇಸ್. ಒಂದು ವಾರ ಬಂದ ಮೂತ್ರದ ಇ. ಕೋಲೈ ಎಲ್ಲವೂ ಅಮಾಕ್ಸಿಕ್ಲಾವ್‌ಗೆ ರೆಸಿಸ್ಟೆಂಟ್. 25922 ಕಂಟ್ರೋಲ್ ಹಾಕಿದರೆ ಝೋನ್ ಸರಿಯಾಗೇ ಇದೆ. ಊರಲ್ಲೆಲ್ಲ ಪ್ರತಿರೋಧ ಹಬ್ಬಿತು ಅಂತ ಮಾತೂ ಶುರುವಾಯಿತು. ಮೂರನೆಯ ದಿನ ತಲೆಗೆ ಹೊಳೆಯಿತು: ಈ ಡಿಸ್ಕಿನಲ್ಲಿ ಎರಡು ಔಷಧಿ ಇದೆ. ಅಮಾಕ್ಸಿಸಿಲಿನ್ ಹೊಡೆಯುತ್ತದೆ, ಕ್ಲಾವುಲನೇಟ್ ಬ್ಯಾಕ್ಟೀರಿಯಾದ ಬೀಟಾ-ಲ್ಯಾಕ್ಟಮೇಸ್ ಎಂಬ ಎಂಜೈಮಿನ ಕೈ ಕಟ್ಟುತ್ತದೆ. 25922ರಲ್ಲಿ ಆ ಎಂಜೈಮೇ ಇಲ್ಲ, ಹಾಗಾಗಿ ಕ್ಲಾವುಲನೇಟ್ ಪೂರ್ತಿ ಸತ್ತಿದ್ದರೂ ಅದು ನಮಗೆ "ಎಲ್ಲ ಸರಿ" ಅಂತಲೇ ಹೇಳುತ್ತದೆ. ಎಂಜೈಮ್ ಮಾಡುವ ಇ. ಕೋಲೈ 35218 ಹಾಕಿದ್ದೇ ತಡ, 17ರಿಂದ 22 ಬರಬೇಕಾದ ಕಡೆ ಡಿಸ್ಕಿನ ಸುತ್ತ ಬರೀ ಒಂದು ಸಣ್ಣ ಉಂಗುರ. ಆ ಪಾರ್ಸೆಲ್ ಬಸ್ಸಿನಲ್ಲಿ ಬಂದಿತ್ತು. ಸರಬರಾಜುದಾರರು ಬೆಳಗ್ಗೆ ಬಸ್ಸಿಗೆ ಹಾಕಿದ್ದು ನಮ್ಮ ಕೈಗೆ ಸಿಕ್ಕಿದ್ದು ಸಂಜೆ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ನೀರಾಗಿ ಬೆಚ್ಚಗಿತ್ತು. ಕ್ಲಾವುಲನೇಟ್ ಇರುವ ಡಿಸ್ಕ್ ಮತ್ತು ಇಮಿಪೆನೆಮ್ ಇಂಥ ಬಿಸಿಗೆ ಎಲ್ಲಕ್ಕಿಂತ ಮೊದಲು ಸಾಯುತ್ತವೆ. ಈಗ ಐಸ್ ಕರಗಿದ್ದರೆ ಪಾರ್ಸೆಲ್ ತೆಗೆದುಕೊಳ್ಳುವುದೇ ಇಲ್ಲ.

ಒಂದು ಗುಂಪು ಕುಗ್ಗಿದೆ, ಇನ್ನೊಂದು ಹಿಗ್ಗಿದೆ

ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್ ಸಣ್ಣ, ಟೆಟ್ರಾಸೈಕ್ಲಿನ್ ಮಾತ್ರ ದೊಡ್ಡ: ಪಿಎಚ್ ಇಳಿದಿದೆ. ಇದರ ಉಲ್ಟಾ ಬಂದರೆ ಏರಿದೆ. 7.2ರಿಂದ 7.4 ಇರಬೇಕು, ಅದೂ ಅಗಾರ್ ಗಟ್ಟಿಯಾಗಿ ಕೋಣೆಯ ಬಿಸಿಗೆ ಬಂದ ಮೇಲೆ. ಪಿಎಚ್ ಪೇಪರ್ ಸಾಲದು. ಸಣ್ಣ ಬೀಕರಿನಲ್ಲಿ ಎಲೆಕ್ಟ್ರೋಡಿನ ತುದಿ ಸುತ್ತ ಅಗಾರ್ ಹೆಪ್ಪುಗಟ್ಟಲು ಬಿಟ್ಟು ಓದಿ. ಆಟೋಕ್ಲೇವಿನಲ್ಲಿ ಅಗಾರ್ ಜಾಸ್ತಿ ಹೊತ್ತು ಬೇಯಿಸಿದರೂ ಪಿಎಚ್ ಕೆಡುತ್ತದೆ, 121 ಡಿಗ್ರಿಯಲ್ಲಿ 15 ನಿಮಿಷ ಸಾಕು.

ಸೂಡೊಮೋನಾಸ್ 27853 ಕಂಟ್ರೋಲಿನಲ್ಲಿ ಮಾತ್ರ ಜೆಂಟಾಮೈಸಿನ್ ಕುಗ್ಗಿದೆ, ಇ. ಕೋಲೈ ಸರಿ ಇದೆ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನಮ್ಮ ಬೋರ್ ನೀರು ಕೊಡದ ತಳಕ್ಕೆ ಬಿಳಿ ಪೊರೆ ಕಟ್ಟುವಷ್ಟು ಗಡಸು, ಎಲ್ಲರಿಗೂ ಗೊತ್ತು. ಡಿಸ್ಟಿಲ್ಡ್ ವಾಟರ್ ಘಟಕ ಕೆಟ್ಟ ದಿನ ಯಾರಾದರೂ "ಒಂದ ಸಲಕ್ಕ ಏನಾಗತೈತ್ರಿ" ಅಂತ ನಲ್ಲಿ ನೀರಲ್ಲಿ ಮುಲ್ಲರ್ ಹಿಂಟನ್ ಅಗಾರ್ ಪುಡಿ ಕಲಸಿದ್ದಾರಾ ಅಂತ ಮೆಲ್ಲಗೆ ಕೇಳಿ. ಗದರಿಸಿ ಕೇಳಿದರೆ ನಿಜ ಹೊರಬರುವುದಿಲ್ಲ.

ಕೋ-ಟ್ರೈಮಾಕ್ಸಜೋಲ್ ಝೋನ್ ಮಂಜಿನ ಹಾಗೆ ಮಸುಕಾಗಿದ್ದರೆ ಅಗಾರಿನಲ್ಲಿ ಥೈಮಿಡಿನ್ (ಈ ಔಷಧಿಯ ಏಟು ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ನೆರವಾಗುವ ಪದಾರ್ಥ) ಜಾಸ್ತಿ. ಎಂಟೆರೊಕಾಕಸ್ ಫೀಕಾಲಿಸ್ 29212 ಹಾಕಿ ನೋಡಿ, 20 ಮಿಲಿಮೀಟರ್ ಅಥವಾ ಜಾಸ್ತಿ ಸ್ವಚ್ಛ ಝೋನ್ ಬರಬೇಕು. ಬರದಿದ್ದರೆ ಆ ಪುಡಿಯ ಬ್ಯಾಚನ್ನೇ ಬಿಡಿ, ರಿಪೇರಿ ಇಲ್ಲ.

ಝೋನ್ ಒಳಗೆ ಏನೋ ಬೆಳೆದಿದೆ, ಅಥವಾ ಝೋನ್ ದುಂಡಗಿಲ್ಲ

ಒಳಗೆ ಬಿಡಿ ಕಾಲೊನಿಗಳಿದ್ದರೆ ಎರಡೇ ಸಾಧ್ಯತೆ, ಬೇರೆ ಬ್ಯಾಕ್ಟೀರಿಯಾ ಸೇರಿದೆ ಅಥವಾ ಅದೇ ಬ್ಯಾಕ್ಟೀರಿಯಾದ ರೆಸಿಸ್ಟೆಂಟ್ ಮರಿಗಳು ಎದ್ದಿವೆ. ಒಳಗಿನ ಕಾಲೊನಿ ತೆಗೆದು ಗ್ರಾಮ್ ಸ್ಟೇನ್ ಮಾಡಿ, ಸಬ್‌ಕಲ್ಚರ್ ಮಾಡಿ, ಮತ್ತೆ ಹಾಕಿ. "ನಾಲ್ಕೇ ಇವೆ ಬಿಡು" ಅಂತ ಹೊರಗಿನ ಅಂಚು ಅಳೆಯಬೇಡಿ. ಬಿಡಬಹುದಾದದ್ದು ಎರಡು: ಪ್ರೋಟಿಯಸ್ ಈಜಿ ಬಂದು ಹಾಸಿದ ತೆಳು ಪರದೆ, ಮತ್ತು ಅಗಾರ್ ಸರಿ ಇದೆ ಅಂತ 29212 ತೋರಿಸಿದ ಮೇಲೂ ಕೋ-ಟ್ರೈಮಾಕ್ಸಜೋಲ್ ಸುತ್ತ ಉಳಿಯುವ ಮಸುಕಾದ ಬೆಳವಣಿಗೆ.

ಝೋನುಗಳು ಒಂದಕ್ಕೊಂದು ಅಂಟಿದ್ದರೆ ಡಿಸ್ಕ್ ತುಂಬಾ ಹತ್ತಿರ ಹಾಕಿದ್ದೀರಿ. ಕೇಂದ್ರದಿಂದ ಕೇಂದ್ರಕ್ಕೆ 24 ಮಿಲಿಮೀಟರ್ ಬೇಕು, ಸಣ್ಣ ಪ್ಲೇಟಿಗೆ ಐದು ಡಿಸ್ಕ್ ಸಾಕು, ಆರನೆಯದು ದುರಾಸೆ. ಅಂಚು ನೀರು ಹರಿದ ಹಾಗೆ ಒಡೆದಿದ್ದರೆ ಪ್ಲೇಟ್ ಒದ್ದೆಯಿತ್ತು, ಮುಚ್ಚಳ ಓರೆ ಮಾಡಿ ಹತ್ತಿಪ್ಪತ್ತು ನಿಮಿಷ ಒಣಗಿಸಿ ಆಮೇಲೆ ಹಚ್ಚಬೇಕಿತ್ತು. ಹಾಕಿದ ಡಿಸ್ಕನ್ನು ಸರಿಪಡಿಸಲು ಜರುಗಿಸಿದ್ದರೂ ಝೋನ್ ಕೆಡುತ್ತದೆ. ಮುಟ್ಟಿದ ಕೂಡಲೇ ಔಷಧಿ ಇಳಿಯಲು ಶುರುವಾಗಿರುತ್ತದೆ.

ಆದರೆ ಸ್ಟ್ಯಾಫಿಲೊಕಾಕಸ್ ಪ್ಲೇಟಿನಲ್ಲಿ ಎರಿಥ್ರೊಮೈಸಿನ್ ಕಡೆಗಿರುವ ಕ್ಲಿಂಡಾಮೈಸಿನ್ ಝೋನ್ ಚಪ್ಪಟೆಯಾಗಿ, ಇಂಗ್ಲಿಷಿನ ಡಿ ಅಕ್ಷರದ ಹಾಗೆ ಕಂಡರೆ ಅದು ದೋಷವೇ ಅಲ್ಲ. ಎರಿಥ್ರೊಮೈಸಿನ್ ಸೋಕಿದಾಗ ಎಚ್ಚರವಾಗುವ ಪ್ರತಿರೋಧ ಅದು. ಕ್ಲಿಂಡಾಮೈಸಿನ್ ರೆಸಿಸ್ಟೆಂಟ್ ಅಂತಲೇ ಬರೆಯಿರಿ. ಇದನ್ನು ನೋಡಲಿಕ್ಕೆಂದೇ ಆ ಎರಡು ಡಿಸ್ಕನ್ನು 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಪಕ್ಕಪಕ್ಕ ಹಾಕುವುದು.

ಕಂಟ್ರೋಲ್ ಸರಿ ಇದೆ, ಪೇಶಂಟ್ ಉತ್ತರ ನಂಬಲಾಗುತ್ತಿಲ್ಲ

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಆಂಪಿಸಿಲಿನ್‌ಗೆ ಸೆನ್ಸಿಟಿವ್ ಬಂದರೆ ಅದು ಕ್ಲೆಬ್ಸಿಯೆಲ್ಲಾ ಆಗಿರಲಿಕ್ಕಿಲ್ಲ, ಹುಟ್ಟಿನಿಂದಲೇ ಅದಕ್ಕೆ ಆಂಪಿಸಿಲಿನ್ ನಾಟುವುದಿಲ್ಲ. ಪ್ರೋಟಿಯಸ್ ಮಿರಾಬಿಲಿಸ್‌ಗೆ ನೈಟ್ರೊಫ್ಯುರಂಟಾಯಿನ್ ನಾಟಿದರೂ ಇದೇ ಮಾತು. ಗುರುತು ತಪ್ಪಿದೆ ಅಥವಾ ಕಲ್ಚರ್ ಶುದ್ಧವಿಲ್ಲ. ಸಾಲ್ಮೊನೆಲ್ಲಾ ಪ್ಲೇಟಿನಲ್ಲಿ ಜೆಂಟಾಮೈಸಿನ್ ಝೋನ್ ಎಷ್ಟೇ ಚಂದ ಬರಲಿ, ಸೆನ್ಸಿಟಿವ್ ಅಂತ ಕೊಡಬಾರದು. ಪ್ಲೇಟ್ ಮೇಲೆ ಕೆಲಸ ಮಾಡಿದರೂ ರೋಗಿಯ ಮೈಯಲ್ಲಿ ಮಾಡುವುದಿಲ್ಲ.

ಕಂಟ್ರೋಲ್ ಸ್ಟ್ರೇನೂ ಹಳತಾಗುತ್ತದೆ. ಅದನ್ನೇ ತಿಂಗಳುಗಟ್ಟಲೆ ಸಬ್‌ಕಲ್ಚರ್ ಮಾಡುತ್ತಾ ಹೋದರೆ ಸ್ವಭಾವ ಬದಲಾಗುತ್ತದೆ, 35218 ತನ್ನ ಎಂಜೈಮಿನ ಪ್ಲಾಸ್ಮಿಡ್ ಕಳೆದುಕೊಳ್ಳಬಹುದು. ತಿಂಗಳಿಗೊಮ್ಮೆ ಫ್ರೀಜರ್ ಸ್ಟಾಕಿನಿಂದ ಹೊಸದು ತೆಗೆಯಿರಿ. ಅಳತೆಯ ಪಟ್ಟಿಯೂ ಹಾಗೇ, ಝೋನಿನ ಗಡಿ ಗೊತ್ತುಮಾಡುವ ಅಮೆರಿಕದ ಸಂಸ್ಥೆಯಾದ ಸಿಎಲ್‌ಎಸ್‌ಐ ಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ, ಗೋಡೆಯ ಮೇಲೆ ಹಳದಿಯಾದ ಜೆರಾಕ್ಸ್ ನೋಡಿ ಓದಬೇಡಿ.

ಎಲ್ಲಿ ಕೈ ಬಿಡಬೇಕು

ಕೊಲಿಸ್ಟಿನ್‌ಗೆ ಡಿಸ್ಕ್ ಹಾಕಲೇಬೇಡಿ, ಆ ಔಷಧಿ ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಬ್ರಾತ್ ಮೈಕ್ರೋಡೈಲ್ಯೂಷನ್ (ದ್ರವದಲ್ಲಿ ಔಷಧಿಯನ್ನು ಹಂತಹಂತವಾಗಿ ತೆಳುಮಾಡಿ ನೋಡುವ ವಿಧಾನ) ಬೇಕು. ಸ್ಟ್ಯಾಫಿಲೊಕಾಕಸ್‌ಗೆ ವ್ಯಾಂಕೊಮೈಸಿನ್ ಕೂಡ ಹಾಗೇ, ಎಂಐಸಿ (ಬೆಳವಣಿಗೆ ನಿಲ್ಲಿಸುವ ಔಷಧಿಯ ಅತಿ ಕಡಿಮೆ ಪ್ರಮಾಣ) ಬೇಕು. ಎಸ್. ಆರಿಯಸ್ ವ್ಯಾಂಕೊಮೈಸಿನ್‌ಗೆ ರೆಸಿಸ್ಟೆಂಟ್ ಕಂಡರೆ, ಅಥವಾ ಎರಡು ಸಲ ಮಾಡಿದರೂ ಕಂಟ್ರೋಲ್ ಸಾಲಿಗೆ ಬರದಿದ್ದರೆ, ಕಲ್ಚರನ್ನು ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗಕ್ಕೆ ಕಳಿಸಿ. ಜೊತೆಗೆ ಅಗಾರಿನ ಲಾಟ್, ಡಿಸ್ಕಿನ ಲಾಟ್, ಕಂಟ್ರೋಲಿನ ಮಿಲಿಮೀಟರ್ ಬರೆದು ಕೊಡಿ, ಅವರ ಒಂದು ದಿನ ಉಳಿಯುತ್ತದೆ.

ಇನ್ನೊಂದು, ಇದು ನಿಮ್ಮ ಜೀವದ ಮಾತು. ರಕ್ತದ ಕಲ್ಚರಿನಲ್ಲಿ ಎರಡು ಮೂರು ದಿನಕ್ಕೆ ನಿಧಾನವಾಗಿ ಎದ್ದ, ಗ್ರಾಮ್ ಸ್ಟೇನಿನಲ್ಲಿ ಸಣ್ಣ ಮರಳಿನ ಹಾಗೆ ಕಾಣುವ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಬಂದರೆ ಅದಕ್ಕೆ ಡಿಸ್ಕ್ ಹಾಕಲು ಹೋಗಬೇಡಿ. ಕುರಿ, ಆಡು, ದನ ಸಾಕುವ ಸೀಮೆ ನಮ್ಮದು, ಅದು ಪ್ರಾಣಿಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲಾ ಆಗಿರಬಹುದು. ತೆರೆದ ಟೇಬಲ್ಲಿನ ಮೇಲೆ ಸಸ್ಪೆನ್ಷನ್ ಕಲಕಿದರೆ ಕಣ್ಣಿಗೆ ಕಾಣದ ಹನಿ ಉಸಿರಿನೊಳಗೆ ಹೋಗುತ್ತದೆ, ಲ್ಯಾಬಿನವರಿಗೆ ಅಂಟುವುದು ಹೀಗೇ. ಪ್ಲೇಟಿಗೆ ಟೇಪ್ ಸುತ್ತಿ, ಡಾಕ್ಟರಿಗೆ ಫೋನ್ ಮಾಡಿ "ಮನೆಯಲ್ಲಿ ಕುರಿ ಇದೆಯಾ, ಹಸಿ ಹಾಲು ಕುಡಿಯುತ್ತಾರಾ" ಕೇಳಿಸಿ. ಮುಂದಿನ ಕೆಲಸವೆಲ್ಲ ಬಯೋಸೇಫ್ಟಿ ಕ್ಯಾಬಿನೆಟ್ ಇರುವ ಕಡೆ ಆಗಲಿ. ಈಗಾಗಲೇ ಕಲಕಿಬಿಟ್ಟಿದ್ದರೆ ಮುಚ್ಚಿಡಬೇಡಿ, ಅವತ್ತು ಕೋಣೆಯಲ್ಲಿ ಯಾರ್ಯಾರು ಇದ್ದರು ಅಂತ ಹೆಸರು ಬರೆದು ಅದೇ ದಿನ ಡಾಕ್ಟರಿಗೆ ತೋರಿಸಿ.

ಓದಿ ಮುಗಿದ ಪ್ಲೇಟೆಲ್ಲ ಆಟೋಕ್ಲೇವ್ ಆಗಿ ಆಮೇಲೆ ಹಳದಿ ಚೀಲಕ್ಕೆ. ತಪ್ಪು ಹುಡುಕಲು ಇಟ್ಟುಕೊಂಡ ಆ ಒಂದು ಪ್ಲೇಟೂ ಸೇರಿ. ನಮ್ಮದು ಫ್ರಿಜ್ಜಿನಲ್ಲಿ ಎರಡು ವಾರ ಮರೆತು ಕೂತಿತ್ತು.